ಗೌಸಿಯಾ ಮೇಡಂ ಅವರೂ ಪರದೆಯಿಲ್ಲದ ಪಾಟಿಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ಊರುಗಳ ಸೀಮೆಯಲ್ಲಿ ಕಳೆದ ಮೂರು ದಶಕಗಳಿಂದ ಪದವಿಪೂರ್ವ ತರಗತಿಯ ಗಣಿತವನ್ನು ಓದಿದವರು ಯಾರೇ ಇರಲಿ, ಒಂದೋ ಅವರು ಶ್ರೀಮತಿ ಗೌಸಿಯಾ ಬೇಗಂ ಅವರ ಎದುರು ಕುಳಿತು ಕಲಿತಿರುತ್ತಾರೆ, ಇಲ್ಲವೇ ಹಾಗೆ ಕಲಿತವರ ಪಕ್ಕದಲ್ಲಿ ಕುಳಿತು ನಕಲು ಮಾಡಿರುತ್ತಾರೆ. ಲೆಕ್ಕವೆಂದರೆ ಜ್ವರ ಬರುವ ಮಕ್ಕಳ ಜ್ವರ ಇಳಿಸುವುದರಲ್ಲಿ ಅವರದು ಎತ್ತಿದ ಕೈ. ಅವರ ಮಾತು ಕಡಿಮೆ, ನಿರ್ಧಾರ ಬೇಗ. ವೇಳಾಪಟ್ಟಿಯ ಜಗಳವಿರಲಿ, ಮೌಲ್ಯಮಾಪನದ ತಕರಾರಿರಲಿ, ಸಿಬ್ಬಂದಿ ಕೊಠಡಿಯಲ್ಲಿ ನಾವೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ ಮೇಡಂ ಒಂದು ವಾಕ್ಯದಲ್ಲಿ ಅದನ್ನು ಇತ್ಯರ್ಥ ಮಾಡಿ ತರಗತಿಗೆ ನಡೆದುಬಿಡುತ್ತಿದ್ದರು. ಅಂಥವರು ಈ ವರ್ಷ ಜೂನ್ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದಿದರು.

ಈ ಅಭಿನಂದನ ಗ್ರಂಥದ ಸಂಪಾದಕರೂ ನಮ್ಮ ಪ್ರಾಂಶುಪಾಲರೂ ಆದ ಶ್ರೀ ಸೋಮಶೇಖರ್ ಅವರು ಇದನ್ನು ಬರೆಯುತ್ತಿರುವ ಕನ್ನಡ ಮೇಷ್ಟ್ರನ್ನು ಕರೆದು, "ನೀವು ಸೇವೆ ಮತ್ತು ಸಾಧನೆ ಅನ್ನೋ ಭಾಗ ಬರ್ಕೊಡ್ರಿ, ಉದ್ದ ಆದ್ರೂ ನಡೀತೈತಿ" ಎಂದು ಅಪ್ಪಣೆ ಕೊಟ್ಟರು. ಮೇಷ್ಟ್ರು ಒಪ್ಪಿಕೊಂಡರು. ಬರೆಯಲು ಕುಳಿತಾಗ ಮಾತ್ರ ಪೇಚಾಟಕ್ಕೆ ಇಟ್ಟುಕೊಂಡಿತು. ಇಷ್ಟು ವರ್ಷದ ಸೇವೆಯನ್ನು ನೆನೆಯಹೋದರೆ ನೆನಪಿಗೆ ಬರುವುದೆಲ್ಲ ಕೊನೆಯ ಬೇಸಿಗೆಯೇ, ಯಾವತ್ತೂ ಗೊಂದಲಪಡದ ಮೇಡಂ ಒಂದು ಬರೆಯುವ ಪಾಟಿಯನ್ನು ಆರಿಸಲಾರದೆ ಕಂಗಾಲಾದ ಬೇಸಿಗೆಯೇ. ಅಭಿನಂದನ ಲೇಖನದಲ್ಲಿ ಕಂಗಾಲಿಗೆ ಜಾಗವುಂಟೋ ಇಲ್ಲವೋ ಬರೆಯುವವರಿಗೂ ತಿಳಿಯದು. ಆದರೆ ಅದನ್ನು ಬಿಟ್ಟು ಬರೆದರೆ ಈ ಪುಟಗಳಲ್ಲಿ ಶಾಲು ಹೊದ್ದ ಬೇರೆ ಯಾರೋ ಕುಳಿತಂತಾಗುತ್ತದೆ. ಆದ್ದರಿಂದ ಅದೂ ಇರಲಿ.

ಮೇಡಂ ಹುಟ್ಟಿದ್ದು ಹರಪನಹಳ್ಳಿಯಲ್ಲಿ, ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದ ಕಮಾಲಸಾಬರ ಮಗಳಾಗಿ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಗಿರಾಕಿಗಳಲ್ಲಿ ಅಷ್ಟಿಷ್ಟು ತೆಲುಗು. ಈ ಮೂರರ ನಡುವೆ ಬೆಳೆದ ಹುಡುಗಿಗೆ ನಾಲ್ಕನೆಯದಾದ ಗಣಿತ ಎಲ್ಲಕ್ಕಿಂತ ಸಲೀಸಾಗಿ ಹಿಡಿಸಿತಂತೆ. ದಾವಣಗೆರೆಯಲ್ಲಿ ಪದವಿ, ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಹಡಗಲಿಯ ಕಾಲೇಜಿಗೆ ಮೊದಲು ಉಪನ್ಯಾಸಕಿಯಾಗಿ ಬಂದರು. ಆಗ ಮಾಗಳದ ಕಡೆಯಿಂದ ಬರುವ ಬಸ್ಸು ದಿನಾ ತಡ. ಹೊಳೆಯ ದಂಡೆಯ ಆ ಮಕ್ಕಳು ಮೊದಲ ಅವಧಿಯ ಅರ್ಧ ಪಾಠ ಕಳೆದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಮೇಡಂ ಅವರನ್ನು ಬೈಯಲೂ ಇಲ್ಲ, ಬಸ್ಸಿನವರ ಮೇಲೆ ದೂರು ಬರೆಯಲೂ ಇಲ್ಲ. ಸಂಜೆ ಅದೇ ಬಸ್ಸಿಗಾಗಿ ನಿಲ್ದಾಣದ ಕಟ್ಟೆಯ ಮೇಲೆ ಕಾಯುತ್ತಿದ್ದ ಆ ಮಕ್ಕಳ ಜೊತೆ ತಾವೂ ಕುಳಿತು ಬೆಳಗಿನ ಅರ್ಧವನ್ನು ತುಂಬಿಕೊಡುತ್ತಿದ್ದರು. ಸಂಜೆಯ ಬಸ್ಸೂ ತಡವಾಗಿ ಬರುತ್ತಿದ್ದುದರಿಂದ ಪಾಠಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಅಲ್ಲಿಂದ ಕೂಡ್ಲಿಗಿಗೆ ವರ್ಗವಾಯಿತು. ಅಲ್ಲೊಬ್ಬ ಹುಡುಗಿ ಲೆಕ್ಕದಲ್ಲಿ ಸದಾ ಕೂಡುವ ಚಿಹ್ನೆಯನ್ನು ಕಳೆಯುವ ಚಿಹ್ನೆಯಾಗಿ ಬರೆದುಕೊಳ್ಳುತ್ತಿದ್ದಳು. ಉಳಿದ ಮೇಷ್ಟ್ರುಗಳು ಅವಳನ್ನು ದಡ್ಡಿ ಎಂದು ಬಿಟ್ಟಿದ್ದರು. ಮೇಡಂ ಒಂದು ಭಾನುವಾರ ಅವಳನ್ನು ಕಣ್ಣಿನ ತಪಾಸಣೆಯ ಶಿಬಿರಕ್ಕೆ ಕರೆದುಕೊಂಡು ಹೋದರು. ಕನ್ನಡಕ ಬಂತು, ಚಿಹ್ನೆಗಳೂ ನೆಟ್ಟಗಾದವು. ಹಗರಿಬೊಮ್ಮನಹಳ್ಳಿಯಲ್ಲಿದ್ದಾಗ ಹುಲುಗೇಶನೆಂಬ ವಿದ್ಯಾರ್ಥಿ ಪರೀಕ್ಷೆಯ ದಿನ ಪ್ರವೇಶಪತ್ರವನ್ನು ಬಸ್ಸಿನ ಸೀಟಿನ ಮೇಲೆ ಮರೆತು ಇಳಿದು ಅಳುತ್ತ ನಿಂತ. ಮೇಡಂ ತಮ್ಮ ಪತಿ ಅತಾವುಲ್ಲಾ ಅವರಿಗೆ ಫೋನು ಮಾಡಿ ಸ್ಕೂಟರಿನಲ್ಲಿ ಆ ಬಸ್ಸಿನ ಬೆನ್ನು ಹತ್ತಿಸಿದರು. ಈಗ ಕೊಟ್ಟೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಅತಾವುಲ್ಲಾ ಅವರು ಇಂದಿಗೂ ಆ ಸವಾರಿಯನ್ನು ಹೊಸಬರಿಗೆಲ್ಲ ಹೇಳುತ್ತಾರೆ. ಪ್ರತಿ ಸಲವೂ ಬಸ್ಸು ಇನ್ನಷ್ಟು ದೂರ ಹೋಗಿರುತ್ತದೆ. ಹುಲುಗೇಶ ಈಗ ಹಗರಿಬೊಮ್ಮನಹಳ್ಳಿಯ ಪ್ರೌಢಶಾಲೆಯಲ್ಲೇ ಶಿಕ್ಷಕ.

ಕೊನೆಗೆ ನಮ್ಮ ಕೊಟ್ಟೂರು. ಇಲ್ಲಿಗೆ ಬಂದ ಕೆಲವು ವರ್ಷಕ್ಕೆ ಕೊರೋನಾ ಬಂತು, ಪಾಠವೆಲ್ಲ ಫೋನಿಗೆ ಇಳಿಯಿತು. ನಾವು ಕನ್ನಡ, ಇತಿಹಾಸದವರು ಬಾಯಿಯಲ್ಲೇ ಬದುಕಿಕೊಂಡೆವು. ಗಣಿತವನ್ನು ಬಾಯಲ್ಲಿ ಹೇಳಿದರೆ ಯಾರಿಗೆ ತಲುಪೀತು? ಮೇಡಂ ಮನೆಯ ನಡುಮನೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿಗೆ ದಾರ ಕಟ್ಟಿ, ಅದರ ತುದಿಗೆ ಫೋನನ್ನು ಮುಖ ಕೆಳಗಾಗಿ ತೂಗುಹಾಕಿ, ಅದರ ಕೆಳಗೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದರು. ಫ್ಯಾನು ಹಾಕಿದರೆ ಫೋನು ತೂಗುತ್ತಿತ್ತು. ಮಕ್ಕಳು ತಲೆ ತಿರುಗುತ್ತದೆ ಎನ್ನುತ್ತಿದ್ದರು. ಹೀಗಾಗಿ ನಮ್ಮ ಸೀಮೆಯ ಏಪ್ರಿಲ್ ತಿಂಗಳಲ್ಲಿ ಫ್ಯಾನಿಲ್ಲದೆ, ತಮ್ಮ ತಲೆಯ ನೆರಳು ಹಾಳೆಯ ಮೇಲೆ ಬೀಳದಂತೆ ಕತ್ತು ಹೊರಳಿಸಿಕೊಂಡು, ಆ ತಾಯಿ ಎರಡು ವರ್ಷ ಪಾಠ ಮಾಡಿದರು. ಸರಕಾರ ಇದಕ್ಕೆ ಯಾವ ಪ್ರಶಸ್ತಿಯನ್ನೂ ಕೊಡಲಿಲ್ಲವೆಂಬುದನ್ನು ಇಲ್ಲಿ ಸಿಟ್ಟಿನಿಂದಲೇ ದಾಖಲಿಸಬೇಕಾಗಿದೆ.

ಇನ್ನು ಈ ವರ್ಷದ ಸಂಗತಿ. ಏಪ್ರಿಲ್‌ನಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗ ನಮ್ಮ ಕಾಲೇಜಿನ ಕೆಲವು ಹುಡುಗಿಯರು ಗಣಿತವೊಂದರಲ್ಲೇ ಉಳಿದಿದ್ದರು. ಮಾಗಳದವಳೊಬ್ಬಳು, ಚಿಗಟೇರಿಯವರಿಬ್ಬರು, ಇನ್ನು ಇಟ್ಟಿಗಿಯ ಲಕ್ಷ್ಮಿದೇವಿ. ಎರಡು ವರ್ಷ ಕೊಟ್ಟೂರಿನ ಹಾಸ್ಟೆಲಿನಲ್ಲಿದ್ದು ಓದಿದ ಲಕ್ಷ್ಮಿದೇವಿ ಫಲಿತಾಂಶದ ಮಾರನೆಯ ದಿನವೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದವಳು, ಮರುಪರೀಕ್ಷೆಗೆ ಕೂರುವುದಿಲ್ಲವೆಂದು ಹೇಳಿಕಳಿಸಿದ್ದಳು. ಮೇಡಂ ಅವಳ ಮನೆಗೆ ಫೋನು ಮಾಡಿ, ಜೂನ್ ತಿಂಗಳ ಪರೀಕ್ಷೆಯವರೆಗೆ ದಿನಾ ಸಂಜೆ ಏಳು ಗಂಟೆಗೆ ಆನ್‌ಲೈನಿನಲ್ಲಿ ತಾವೇ ಪಾಠ ಮಾಡುವುದಾಗಿ ಮಾತು ಕೊಟ್ಟರು. ಕೊಟ್ಟ ಮಾತಿನ ಹಿಂದೆ ಇನ್ನೊಂದು ಅಂಜಿಕೆಯೂ ಇತ್ತು. ಅದನ್ನು ಅವರು ಪತಿಯ ಹತ್ತಿರ ಮಾತ್ರ ಹೇಳಿದ್ದರು.

"ಜೂನ್ ಮುಗದ ಮ್ಯಾಲೆ ನನ್ ಮುಂದ ಯಾರು ಕುಂದರ್ತಾರ್ರಿ?" ಎಂದು ಕೇಳಿದ್ದರಂತೆ.

"ನಾನಿಲ್ಲೇನು?" ಎಂದರಂತೆ ಅತಾವುಲ್ಲಾ.

"ನಿಮಗ ಲೆಕ್ಕ ಬರ್ತೈತಿ. ನಿಮ್ಮನ್ನ ತಗೊಂಡು ಏನು ಮಾಡ್ಲಿ?"

ತೂಗುವ ಫೋನು ಈ ಸಲ ಬೇಡವೆಂದು ಅವರು ಮೊದಲೇ ತೀರ್ಮಾನಿಸಿದ್ದರು. ಒಂದು ಲ್ಯಾಪ್‌ಟಾಪ್ ಇತ್ತು. ಅದಕ್ಕೆ ಜೋಡಿಸಿ ಬರೆಯುವ ಡಿಜಿಟಲ್ ಪಾಟಿ ಸಿಗುತ್ತದೆಂದು ಕೇಳಿದ್ದರು. ತೀರ್ಮಾನ ಅಲ್ಲಿಗೆ ನಿಂತಿತು, ಮುಂದಿನದೆಲ್ಲ ಗೊಂದಲ.

ನಮ್ಮ ಕಡೆ ಯಾವುದನ್ನಾದರೂ ಕೊಳ್ಳುವ ಮುಂಚೆ ಗೊತ್ತಿದ್ದವರನ್ನು ಕೇಳದೆ ಕೊಳ್ಳುವ ಪದ್ಧತಿಯಿಲ್ಲ. ಗೊತ್ತಿದ್ದವರು ಹೇಳಿದ ಮೇಲೆ ಅವರೆದುರು ಬೇಡವೆನ್ನುವ ಪದ್ಧತಿಯೂ ಇಲ್ಲ. ಮೇಡಂ ಎಲ್ಲರನ್ನೂ ಕೇಳಿದರು, ಎಲ್ಲರಿಗೂ ಹೂಂ ಅಂದರು. ಭೌತಶಾಸ್ತ್ರದ ಶ್ರೀ ಗಂಗಾಧರ್ ಅವರು ಪರದೆಯಿರುವ ಪಾಟಿಯೇ ಸರಿ ಎಂದರು, ಹೂಂ. ರಸಾಯನಶಾಸ್ತ್ರದವರು ದೊಡ್ಡ ಮೊಬೈಲಿನಂಥ ಟ್ಯಾಬ್ ತೆಗೆದುಕೊಂಡರೆ ಸಾಕು, ಲ್ಯಾಪ್‌ಟಾಪೇ ಬೇಡ ಎಂದರು, ಅದಕ್ಕೂ ಹೂಂ. ಪರದೆಯಿಲ್ಲದ ಕರಿ ಹಲಗೆಯಂಥದೊಂದು ಬರುತ್ತದೆ, ಹಗುರ, ಆದರೆ ಕೆಳಗೆ ಬರೆದದ್ದು ಎದುರಿಗಿನ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ, ಕೈ ಒಂದು ಕಡೆ ಕಣ್ಣು ಒಂದು ಕಡೆ, ವಯಸ್ಸಾದವರಿಗೆ ಅದು ಒಗ್ಗುವುದಿಲ್ಲ ಎಂದು ಎಲ್ಲರೂ ಸೇರಿ ಹೇಳಿದರು. ಅದೊಂದಕ್ಕೆ ಮಾತ್ರ ಮೇಡಂ ಹೂಂ ಅನ್ನಲಿಲ್ಲ.

ಅಷ್ಟರಲ್ಲಿ ಹೆಂಡತಿಯ ಒದ್ದಾಟ ನೋಡಲಾರದೆ ಅತಾವುಲ್ಲಾ ಅವರೇ ಫೋನಿನಲ್ಲಿ ಹುಡುಕಿ ಒಂದು ಪಾಟಿ ತರಿಸಿಬಿಟ್ಟರು. ಮನೆಗೆ ಬಂದ ಡಬ್ಬಿ ಬಿಚ್ಚಿದರೆ ನುಣ್ಣನೆಯ ಕಪ್ಪು ಪಾಟಿ, ಜೊತೆಗೊಂದು ಕಡ್ಡಿ. ಬರೆದರೆ ಹಸಿರು ಅಕ್ಷರ ಮೂಡುತ್ತದೆ, ಗುಂಡಿ ಒತ್ತಿದರೆ ಒಮ್ಮೆಗೇ ಅಳಿಸಿಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ಮೆಚ್ಚಿಕೊಂಡರು. ಆಮೇಲೆ ಲ್ಯಾಪ್‌ಟಾಪಿಗೆ ಜೋಡಿಸಲು ವೈರಿನ ತೂತು ಹುಡುಕತೊಡಗಿದರು.

"ತೂತೇ ಕಾಣವಲ್ದಲ್ರಿ ಇದ್ಕ," ಎಂದರು ಮೇಡಂ.

"ಇರ್ತೈತಿ ತಡಿ. ಬ್ಯಾಟರಿ ಐತಿ ಅಂದ ಮ್ಯಾಲೆ ವೈರ್ ಇರಾಕಬೇಕು," ಎಂದು ಅತಾವುಲ್ಲಾ ಕನ್ನಡಕ ಏರಿಸಿ ಪಾಟಿಯನ್ನು ನಾಲ್ಕೂ ಕಡೆ ತಿರುಗಿಸಿದರು. ಮರುದಿನ ಅದನ್ನು ಕಾಲೇಜಿಗೆ ತಂದಾಗ ನಾವೂ ಒಬ್ಬೊಬ್ಬರಾಗಿ ತಿರುಗಿಸಿ ನೋಡಿದೆವು. ಅದು ಎಳೆ ಮಕ್ಕಳು ಗೀಚಿ ಆಡುವ ಪಾಟಿಯೆಂದೂ, ಲ್ಯಾಪ್‌ಟಾಪಿಗೂ ಅದಕ್ಕೂ ಯಾವ ಜನ್ಮದ ನಂಟೂ ಇಲ್ಲವೆಂದೂ ಕೊನೆಗೆ ಗಂಗಾಧರ್ ಸರ್ ಕಂಡುಹಿಡಿದರು. ಹೆಸರು ಮಾತ್ರ ಎರಡಕ್ಕೂ ಒಂದೇ ಇಟ್ಟಿದ್ದಾರೆ, ಮಾರುವವರಿಗೆ ಏನು ಹೋಗಬೇಕು?

ಗೊಂದಲ ಅಲ್ಲಿಂದ ಹೆಚ್ಚಿತು. ಗಣಿತದವರಾದ್ದರಿಂದ ಮೇಡಂ ಅಂಕಿಸಂಖ್ಯೆ ನೋಡಿ ಆರಿಸಲು ಹೊರಟರು. ಒತ್ತಿದಂತೆ ಗೆರೆ ದಪ್ಪವಾಗಲೆಂದು ಒಂದು ಪೆನ್ನಿಗೆ ಎಂಟು ಸಾವಿರ ಚಿಲ್ಲರೆ ಒತ್ತಡದ ಮಟ್ಟಗಳು, ಇನ್ನೊಂದಕ್ಕೆ ಅದರ ಇಮ್ಮಡಿ. "ಎಕ್ಸ್ ಸ್ಕ್ವೇರ್ ಬರ್ಯಾಕ ಎಷ್ಟು ನಮೂನಿ ಒತ್ತಬೇಕ್ರಿ ಸರ್?" ಎಂದು ಅವರು ಗಂಗಾಧರ್ ಅವರನ್ನು ನಿಜವಾಗಿಯೂ ತಿಳಿಯದೆ ಕೇಳಿದರು. ಗಂಗಾಧರ್ ಅವರಿಗೂ ತಿಳಿದಿರಲಿಲ್ಲ. ಚಿತ್ರ ಬರೆಯುವವರಿಗೆ ಬೇಕಾಗುತ್ತದೇನೋ ಎಂದರು. ಕೈ ಊರಿದರೆ ಗೆರೆ ಬೀಳುತ್ತದೋ ಇಲ್ಲವೋ, ಎಡಗೈಯವರಿಗೆ ಬೇರೆ ಬರುತ್ತದೋ, ಪೆನ್ನಿಗೆ ಚಾರ್ಜು ಬೇಕೋ ಬೇಡವೋ, ಹೀಗೆ ಒಂದನ್ನು ಬಿಡಿಸಿದರೆ ಹತ್ತು ಗಂಟು. ಮೇ ತಿಂಗಳು ಹಿಡಿಯುವ ಹೊತ್ತಿಗೆ ಮೇಡಂ ಅವರ ತಲೆ ಮೊಸರುಗಡಿಗೆಯಾಗಿತ್ತು. ಸಂಜೆಯ ಪಾಠ ಮಾತ್ರ ಹಳೆಯ ಕೊಂಡಿಗೆ ತೂಗುತ್ತ ನಡೆಯುತ್ತಿತ್ತು, ಪರೀಕ್ಷೆ ಹತ್ತಿರವಾಗುತ್ತಿತ್ತು, ಲಕ್ಷ್ಮಿದೇವಿ ಕೇಳಿದ್ದಕ್ಕೆಲ್ಲ "ಹೂಂನ್ರಿ ಮೇಡಂ" ಎನ್ನುತ್ತಿದ್ದಳೇ ಹೊರತು ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಗಂಗಾಧರ್ ಸರ್ ಪಟ್ಟು ಹಿಡಿದು ದಾವಣಗೆರೆಯ ಸ್ನೇಹಿತರಿಂದ ಪರದೆಯಿರುವ ಪಾಟಿಯೊಂದನ್ನು ಎರವಲು ತಂದರು. ಅದಕ್ಕೆ ಮೂರು ವೈರು. ಒಂದನ್ನು ಜೋಡಿಸಿದರೆ ಇನ್ನೊಂದು ಕಳಚುತ್ತಿತ್ತು. ಎಲ್ಲ ಕೂಡಿಬಂದ ಮೇಲೆ ಬರಹ ಮುತ್ತಿನಂತೆ ಮೂಡಿತು. ನಾವೆಲ್ಲ ಗೆದ್ದೆವೆಂದುಕೊಂಡೆವು. ನಿವೃತ್ತಿಯ ದಿನ ಸಿಬ್ಬಂದಿಯ ಕಾಣಿಕೆಯಾಗಿ ಇದನ್ನೇ ಕೊಡೋಣ, ವೇದಿಕೆಯ ಮೇಲೆ ಡಬ್ಬಿಯೂ ದೊಡ್ಡದಾಗಿ ಕಾಣುತ್ತದೆ ಎಂದು ಗಂಗಾಧರ್ ಸರ್ ಹೇಳಿದಾಗ ಪ್ರಾಂಶುಪಾಲರೂ ತಲೆದೂಗಿದರು. ಮೇಡಂ ಅವರ ಮುಖ ಮಾತ್ರ ಅರಳಲಿಲ್ಲ. ಕೆಲವು ದಿನ ಅದರಲ್ಲಿ ಪಾಠ ಮಾಡಿ ಹಿಂದಕ್ಕೆ ತಂದುಕೊಟ್ಟರು.

"ಬರಿಯಾಕ ಚೊಲೋ ಐತ್ರಿ. ಆದ್ರ ಪಾಠ ಆಗವಲ್ದು," ಎಂದರು.

"ಬರಿಯಾಕ ಬಂದ ಮ್ಯಾಲೆ ಪಾಠ ಯಾಕ ಆಗಂಗಿಲ್ರಿ ಮೇಡಂ?"

"ಅದ ನನಗೂ ತಿಳೀವಲ್ದು."

ಗಂಗಾಧರ್ ಸರ್ ನೊಂದುಕೊಂಡರು. ಇಷ್ಟು ಒಳ್ಳೆಯದೂ ಬೇಡವೆಂದರೆ ಬೇಕಾದದ್ದು ಇನ್ನೇನು? ಬಾಕಿ ಉಳಿದದ್ದು, ಒಗ್ಗುವುದಿಲ್ಲವೆಂದು ಎಲ್ಲರೂ ಸೇರಿ ತಳ್ಳಿಹಾಕಿದ ಕರಿ ಹಲಗೆ. ಬೇಸರದಲ್ಲೇ ಅಂಥದನ್ನೂ ಒಂದು ಎರವಲು ತಂದದ್ದಾಯಿತು. ಅಂಗೈ ಅಗಲಕ್ಕಿಂತ ತುಸು ದೊಡ್ಡದು, ಅದರ ಮೇಲೆ ಏನೂ ಮೂಡುವುದಿಲ್ಲ. ಮೇಡಂ ಬರೆದದ್ದು ಲ್ಯಾಪ್‌ಟಾಪಿನಲ್ಲಿ ಕೋಳಿ ಕೆದರಿದಂತೆ ಕಂಡಿತು. ಅವರು ಹಲಗೆ ನೋಡಿದರೆ ಹಲಗೆಯಲ್ಲಿ ಏನೂ ಇಲ್ಲ, ಪರದೆ ನೋಡಿದರೆ ಕೈ ಎಲ್ಲಿದೆಯೆಂದು ತಿಳಿಯದು. ಜೀವಮಾನವಿಡೀ ಬರೆದ ಕೈ ಒಂದನೇ ತರಗತಿಯ ಮಗುವಿನದಾಯಿತಲ್ಲ ಎಂದು ಅವರಿಗೆ ಅಳುವೇ ಬಂತಂತೆ. ಮಾತು ಕೊಟ್ಟಾಗಿದೆ, ಕೈ ಬಿಡುವಂತಿಲ್ಲ. ಹೇಗೋ ಬರೆಯುತ್ತ ಹೋದರು.

ಆ ದಿನಗಳಲ್ಲೊಂದು ಸಂಜೆ ಪಾಠದ ನಡುವೆ ಲಕ್ಷ್ಮಿದೇವಿಯ ದನಿ ಕೇಳಿತು. ಅವಳ ಕ್ಯಾಮೆರಾ ಯಾವತ್ತೂ ಮುಚ್ಚಿರುತ್ತಿತ್ತು. ಎಲ್ಲ ಹುಡುಗಿಯರದೂ ಹಾಗೆಯೇ, ಪರದೆಯ ಮೇಲೆ ಕರಿ ಚೌಕಗಳು ಮತ್ತು ಹೆಸರುಗಳು, ಮುಖ ಕಾಣುತ್ತಿದ್ದುದು ಮೇಡಂ ಅವರದೊಂದೇ.

"ಮೇಡಂ, ಒಂದು ಮಾತು ಕೇಳ್ಲೇನ್ರಿ? ಬ್ಯಾಸರ ಮಾಡ್ಕೋಬಾರ್ದು."

"ಕೇಳವ್ವ."

"ನೀವ್ಯಾಕ ಕೆಳಗ ನೋಡ್ಕೋತ ಬರೀತೀರಿ? ಕಾಲೇಜಿನ್ಯಾಗ ನೀವು ಬೋರ್ಡ್ ನೋಡದ ಬರೀತಿದ್ರಿ."

"ಯಾರು, ನಾನಾ?"

"ಹೂಂನ್ರಿ. ನಮ್ ಕಡೆ ಮಾರಿ ಮಾಡಿ ನಿಂತು, ಕೈ ಹಿಂದ ಚಾಚಿ ಬರೀತಿದ್ರಿ. ನಾವೆಲ್ಲ ಹಾಸ್ಟೆಲಿನ್ಯಾಗ ಹಂಗ ಬರದು ನಗ್ತಿದ್ವಿ."

ಮೇಡಂ ಮರುದಿನ ಸಿಬ್ಬಂದಿ ಕೊಠಡಿಗೆ ಬಂದವರೇ, ತಾವು ಬೋರ್ಡು ನೋಡದೆ ಬರೆಯುತ್ತಿದ್ದುದು ನಿಜವೇ ಎಂದು ನಮ್ಮನ್ನು ಕೇಳಿದರು. ನಮಗೇನು ಗೊತ್ತು? ಒಂದೇ ಕೊಠಡಿಯಲ್ಲಿ ಕುಳಿತು ಚಹಾ ಕುಡಿಯುವ ನಾವು ಯಾರೂ ಒಬ್ಬರ ತರಗತಿಯಲ್ಲಿ ಒಬ್ಬರು ಕುಳಿತವರಲ್ಲ. ಹಗರಿಬೊಮ್ಮನಹಳ್ಳಿಯ ಹುಲುಗೇಶನಿಗೆ ಫೋನು ಹಚ್ಚಿ ಕೇಳಿದರೆ ಅವನು ನಕ್ಕುಬಿಟ್ಟ. "ಅಷ್ಟೂ ಗೊತ್ತಿಲ್ಲೇನ್ರಿ ಸರ್ ನಿಮಗ? ಮೇಡಂ ಬೋರ್ಡಿನ ಕಡೆ ತಿರುಗಿದ್ದು ಒರಸಾಕ ಅಷ್ಟ. ಬರೆಯೋವಾಗ ನಮ್ ಮಾರಿ ನೋಡ್ತಿದ್ರು. ಯಾರ ಮಾರಿ ಗಂಟಾತೋ ಆ ಸಾಲಿಗೆ ನಿಲ್ಲಿಸಿ ಮತ್ತ ಹೇಳ್ತಿದ್ರು."

ಹಡಗಲಿಯ ಮೊದಲ ವರ್ಷ, ಬೆನ್ನು ತಿರುಗಿಸಿದ ಕೂಡಲೇ ಗದ್ದಲ ಮಾಡುತ್ತಿದ್ದ ತುಂಬಿದ ತರಗತಿಯಲ್ಲಿ ಅದು ಶುರುವಾಗಿರಬೇಕೆಂದು ಮೇಡಂ ಆಮೇಲೆ ನೆನಪು ಮಾಡಿಕೊಂಡರು. ಗದ್ದಲ ನಿಂತ ಮೇಲೂ ಅಭ್ಯಾಸ ನಿಲ್ಲಲಿಲ್ಲ. ಕೂಡ್ಲಿಗಿಯ ಆ ಹುಡುಗಿ ಕಣ್ಣು ಕಿರಿದು ಮಾಡುತ್ತಿದ್ದುದು ಅವರೊಬ್ಬರಿಗೇ ಕಂಡದ್ದು ಹೇಗೆಂದು ನಮಗೂ ಆಗ ತಿಳಿಯಿತು. ತಾವು ಹಾಗೆ ಬರೆಯುತ್ತೇವೆಂಬುದು ಮಾತ್ರ ಇಷ್ಟು ವರ್ಷ ಅವರಿಗೇ ತಿಳಿದಿರಲಿಲ್ಲ.

ಆಯಿತು, ತಿಳಿಯಿತಲ್ಲ, ಇನ್ನು ಸಲೀಸು ಎಂದುಕೊಂಡೆವು. ರಜೆಯ ಖಾಲಿ ತರಗತಿಗೆ ಹೋಗಿ ಪರೀಕ್ಷಿಸಿದ್ದಾಯಿತು. ಮೇಡಂ ಬೋರ್ಡಿಗೆ ಓರೆಯಾಗಿ ನಿಂತು, ಖಾಲಿ ಬೆಂಚುಗಳನ್ನು ನೋಡುತ್ತ ಸೀಮೆಸುಣ್ಣದಲ್ಲಿ ಬರೆದರು. ಸಾಲು ಮೇಲೇರಿ ಮೂಲೆ ಸೇರಿತು. ಇನ್ನೊಮ್ಮೆ ಬರೆದರು, ಈ ಸಲ ಕೆಳಗಿಳಿಯಿತು.

"ಬರವಲ್ದಲ್ರಿ ಮೇಡಂ," ಎಂದರು ಗಂಗಾಧರ್.

"ಹಂಗಾದ್ರ ಆ ಹುಡುಗಿ ಸುಳ್ಳು ಹೇಳ್ಯಾಳೇನು? ಹುಲುಗೇಶನೂ ಸುಳ್ಳು ಹೇಳ್ಯಾನೇನು?" ಮೇಡಂ ಸೀಮೆಸುಣ್ಣ ಹಿಡಿದುಕೊಂಡೇ ಬೆಂಚಿನ ಮೇಲೆ ಕುಳಿತುಬಿಟ್ಟರು. "ನನಗೇನೂ ತಿಳೀವಲ್ದು ಸರ್. ಇದನ್ನೆಲ್ಲ ಬಿಟ್ಟುಬಿಡೋಣ ಅನಸಾಕತ್ತೈತಿ."

ಕನ್ನಡ ಮೇಷ್ಟ್ರು ಬೋರ್ಡನ್ನು ನೋಡುತ್ತ ನಿಂತಿದ್ದರು. ಸಾಲಿನ ಆರಂಭದಲ್ಲಿ ಕೊಕ್ಕೆಯಂಥ ಉದ್ದನೆಯ ಚಿಹ್ನೆಯೊಂದಿತ್ತು. ಅದನ್ನು ಅವರು ಇಷ್ಟು ವರ್ಷ ತರಗತಿಯ ಬೋರ್ಡುಗಳ ಮೇಲೆ ಅಳಿಸಿ ಅಳಿಸಿ ತಮ್ಮ ಪಾಠ ಬರೆದಿದ್ದಾರೆ, ಅದೇನೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. "ಇದೇನ್ರಿ ಮೇಡಂ, ಈ ಕೊಕ್ಕಿ ಹಂಗೈತಲ್ಲ?" ಎಂದು ಕೇಳಿದರು.

ಮೇಡಂ ಎದ್ದರು. ಅದು ಸಣ್ಣ ಸಣ್ಣ ಚೂರುಗಳನ್ನೆಲ್ಲ ಕೂಡಿಸುವ ಚಿಹ್ನೆಯೆಂದು ಹೇಳತೊಡಗಿದರು. ಹೊಲದ ಅಂಚು ಸೊಟ್ಟಗಿದ್ದರೆ ವಿಸ್ತೀರ್ಣ ಹೇಗೆ ತೆಗೆಯುತ್ತೀರಿ ಎಂದು ಕೇಳಿದರು. ಮೇಷ್ಟ್ರಿಗೆ ತಿಳಿಯಲಿಲ್ಲ. ಅವರ ಮುಖ ನೋಡಿ ಮೇಡಂ ಒಂದು ಸಾಲು ಹಿಂದಕ್ಕೆ ಹೋಗಿ, ಹೊಲವನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಮತ್ತೆ ಹೇಳಿದರು. ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಮೇಡಂ ಪಟ್ಟಿಗಳನ್ನು ಇನ್ನೂ ತೆಳ್ಳಗೆ ಮಾಡಿದರು. ಕೊನೆಗೆ, ಅರವತ್ತರ ಹತ್ತಿರದ ಆ ಮೇಷ್ಟ್ರಿಗೆ ಸಮಾಕಲನವೆಂದರೇನೆಂದು ಹೊಳೆಯಿತು. ಮೇಡಂ ನಿಟ್ಟುಸಿರು ಬಿಟ್ಟು ತಿರುಗಿದರೆ, ಅವರ ಬೆನ್ನ ಹಿಂದೆ ಬೋರ್ಡಿನ ತುಂಬ ನೂಲು ಹಿಡಿದಂತೆ ನೆಟ್ಟಗಿನ ಸಾಲುಗಳಿದ್ದವು.

ಗಂಗಾಧರ್ ಸರ್ ಹತ್ತಿರ ಬಂದು ಆ ಸಾಲುಗಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, "ತಿಳೀಲಾರದವ್ರು ಮುಂದ ಬೇಕ್ರಿ ನಿಮಗ," ಎಂದರು.

ಅಂದು ಸಂಜೆ ಏಳು ಗಂಟೆಗೆ ಮೇಡಂ ಪಾಠ ಶುರುಮಾಡುವ ಮೊದಲು ಲಕ್ಷ್ಮಿದೇವಿಯನ್ನು ಕ್ಯಾಮೆರಾ ತೆರೆಯಲು ಕೇಳಿದರು. ಅವರು ಯಾವ ವಿದ್ಯಾರ್ಥಿನಿಯನ್ನೂ ಹಾಗೆ ಕೇಳಿದವರಲ್ಲ. ಮಕ್ಕಳು ಎಲ್ಲೆಲ್ಲೋ ಕುಳಿತಿರುತ್ತಾರೆ, ಮನೆಯಲ್ಲಿ ಏನೇನೋ ಇರುತ್ತದೆ, ನಾವು ಇಣುಕಬಾರದು ಎಂಬುದು ಅವರ ನಿಲುವು. ಲಕ್ಷ್ಮಿದೇವಿಯ ಚೌಕ ಕರಿಯಾಗಿಯೇ ಉಳಿಯಿತು. ಹೋಗಿಬಿಟ್ಟಳೇನೋ ಎಂದು ಮೇಡಂ ಹೆದರಿದರು.

"ನೆಟ್ ಸಿಗಂಗಿಲ್ಲೇನವ್ವ?"

"ಸಿಗ್ತೈತ್ರಿ. ಮಾಳಿಗಿ ಮ್ಯಾಲೆ ಕುಂತೀನಿ."

"ಮತ್ತೇನು?"

"ಫೇಲಾದ ಮಾರಿ ಏನು ತೋರಿಸ್ಲಿ ಬಿಡ್ರಿ ಮೇಡಂ."

ಇಂಥಲ್ಲಿ ನಾವಾದರೆ ಧೈರ್ಯದ ಮಾತು ಹೇಳಿ ಭಾಷಣ ಮಾಡುತ್ತಿದ್ದೆವು. ಮೇಡಂ ಇದ್ದದ್ದನ್ನು ಇದ್ದಂತೆ ಹೇಳಿದರು: "ನಿನ್ ಮಾರಿ ಕಾಣಲಿಲ್ಲಂದ್ರ ನನಗ ಬರಿಯಾಕ ಬರವಲ್ದವ್ವ. ಪಾಸಾದೋರ ಮಾರಿ ತಗೊಂಡು ನಾನೇನು ಮಾಡ್ಲಿ?"

ಕರಿ ಚೌಕ ತೆರೆಯಿತು. ಮಸುಕು ಬೆಳಕಿನಲ್ಲಿ, ಸೆರಗಿನಂತೆ ದುಪಟ್ಟಾ ಹೊದ್ದು, ಅತ್ತು ಕಣ್ಣು ಕೆಂಪು ಮಾಡಿಕೊಂಡ ಹುಡುಗಿಯೊಬ್ಬಳು ಇತ್ತ ನೋಡುತ್ತಿದ್ದಳು. ಮೇಡಂ ಅವಳನ್ನು ನೋಡುತ್ತಲೇ ಪಾಠ ಎತ್ತಿಕೊಂಡರು. ಅವಳ ಹುಬ್ಬು ಗಂಟಾದಲ್ಲಿ ನಿಂತರು, ಹಿಂದಕ್ಕೆ ಹೋದರು, ಮತ್ತೆ ಬಂದರು. ಕೈ ಎಲ್ಲಿದೆ, ಹಲಗೆ ಎಲ್ಲಿದೆ ಎಂಬುದು ಅವರಿಗೆ ಮರೆತೇಹೋಯಿತು. ಪಾಠದ ಕೊನೆಗೆ ಪರದೆ ನೋಡಿದಾಗ ಅಲ್ಲಿದ್ದದ್ದು ಅವರದೇ ಕೈಬರಹ, ಅವರದೇ ಬೋರ್ಡು. ಮುಂದಿನ ದಿನಗಳಲ್ಲಿ ಚಿಗಟೇರಿಯವರೂ ಮಾಗಳದವಳೂ ತಾವಾಗಿಯೇ ಮುಖ ತೋರಿಸಿದರು.

ಪರದೆಯ ಪಾಟಿಯಲ್ಲಿ ಬರಹ ಕಾಣುತ್ತಿತ್ತು, ತಲೆ ಬಗ್ಗುತ್ತಿತ್ತು. ಈ ಹಲಗೆಯಲ್ಲಿ ನೋಡುವುದಕ್ಕೇ ಏನೂ ಇಲ್ಲದ್ದರಿಂದ ತಲೆ ಎತ್ತಲೇಬೇಕು. ಕಾರಣ ಇಷ್ಟೇ ಇರಬಹುದೆಂದು ಗಂಗಾಧರ್ ಸರ್ ಈಗ ವಿವರಿಸುತ್ತಾರೆ. ಮೇಡಂ ಅವರನ್ನು ಕೇಳಿದರೆ ಇವತ್ತಿಗೂ ತಿಳಿಯದು ಎನ್ನುತ್ತಾರೆ. ನಿವೃತ್ತಿಯ ಕಾಣಿಕೆಯಾಗಿ ನಾವು ಅಂಥದೇ ಹಲಗೆಯನ್ನು ಕೊಟ್ಟೆವು. ವೇದಿಕೆಯ ಮೇಲೆ ಅದರ ಡಬ್ಬಿ ಹಾರದ ಅಡಿಯಲ್ಲಿ ಕಾಣಿಸಲೇ ಇಲ್ಲ, ಫೋಟೋದಲ್ಲಿ ಮೇಡಂ ಬರಿಗೈಯಲ್ಲಿ ನಿಂತಂತಿದ್ದಾರೆ ಎಂದು ಪ್ರಾಂಶುಪಾಲರಿಗೆ ಇನ್ನೂ ಅಸಮಾಧಾನವಿದೆ.

ಲಕ್ಷ್ಮಿದೇವಿ ಪರೀಕ್ಷೆ ಬರೆದಳು. ಪಾಸಾದದ್ದು ಆಮೇಲಿನ ಸುದ್ದಿ. ಇಲ್ಲಿ ಹೇಳಹೊರಟಿರುವ ಸಂಜೆಗೆ ಅದು ಯಾರಿಗೂ ಗೊತ್ತಿರಲಿಲ್ಲ. ಅದು ಜುಲೈ ಒಂದನೇ ತಾರೀಖು. ಮೇಡಂ ಅವರ ಕಾಲೇಜಿನ ಸೇವೆ ಹಿಂದಿನ ದಿನಕ್ಕೆ ಮುಗಿದಿತ್ತು. ಪರೀಕ್ಷೆಯೂ ಮುಗಿದಿದ್ದುದರಿಂದ ಹುಡುಗಿಯರಿಗೆ ಪಾಠದ ಅಗತ್ಯವಿರಲಿಲ್ಲ. ಏಳು ಗಂಟೆ ಹೊಡೆದಾಗ ಮೇಡಂ ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಸುಮ್ಮನೆ ತಿರುಗಾಡುತ್ತಿದ್ದರಂತೆ. ಅತಾವುಲ್ಲಾ ಅವರು ನೋಡಿ ನೋಡಿ, "ಒಂದ್ಸಲ ತೆರದು ನೋಡಬಾರ್ದೇನು? ಯಾರೂ ಇಲ್ಲಂದ್ರ ಮುಚ್ಚಿದ್ರಾತು," ಎಂದರು.

ಮೇಡಂ ಲ್ಯಾಪ್‌ಟಾಪ್ ತೆರೆದು ಪಾಠದ ಲಿಂಕ್ ಒತ್ತಿದರು. ಪರದೆಯ ಮೇಲೆ ತಮ್ಮ ಮುಖವೊಂದೇ ಇತ್ತು. ಮುಚ್ಚಬೇಕೆನ್ನುವಷ್ಟರಲ್ಲಿ ಒಂದು ಚೌಕ ಮೂಡಿತು. ಇಟ್ಟಿಗಿಯ ಮಾಳಿಗೆ. ಲಕ್ಷ್ಮಿದೇವಿ ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಮುಖ ಮರೆಮಾಡಿಕೊಂಡು ಕುಳಿತಿದ್ದರು, ಲಕ್ಷ್ಮಿದೇವಿ ಅವರ ಕೈ ಹಿಡಿದು ಕೆಳಗೆಳೆಯುತ್ತಿದ್ದಳು.

"ಮೇಡಂ, ನಮ್ಮ ಅತ್ತಿಗಿರಿ, ದ್ಯಾಮಕ್ಕ ಅಂತ. ಹತ್ತನೇತ್ತಾಗ ಲೆಕ್ಕ ಒಂದ ಉಳದು ಬಿಟ್ಟಾಳ್ರಿ. ದಿನಾ ಮಾಳಿಗಿ ಮೆಟ್ಟಲ ಮ್ಯಾಲೆ ಕುಂತು ನಿಮ್ ಪಾಠ ಕೇಳ್ತಿದ್ಲು. ನನಗೂ ಗೊತ್ತಿರಲಿಲ್ಲ."

"ತಿಳೀತ ಏನ್ರಿ ಅಕ್ಕಾರ?" ಎಂದು ಮೇಡಂ ಕೇಳಿದರು.

ದ್ಯಾಮಕ್ಕ ಕೈ ತೆಗೆದು ಮೊದಲ ಸಲ ಇತ್ತ ನೋಡಿದರು. "ಏನಂದ್ರ ಏನೂ ತಿಳೀಲಿಲ್ರಿ," ಎಂದರು.

ಅತಾವುಲ್ಲಾ ಅವರು ಹೇಳುವಂತೆ, ಹಿಂದಿನ ದಿನ ಅಷ್ಟೊಂದು ಶಾಲು, ಹಾರ, ಹೊಗಳಿಕೆಗಳ ನಡುವೆ ಇಲ್ಲದ ಕಳೆ ಆಗ ಮೇಡಂ ಅವರ ಮುಖಕ್ಕೆ ಬಂತು. ಅವರು ಕುರ್ಚಿ ಎಳೆದುಕೊಂಡು ಕುಳಿತು, ಪೆನ್ನು ಕೈಗೆತ್ತಿಕೊಂಡರು.

ಇಂಥ ಲೇಖನದ ಕೊನೆಗೆ ಆಯುರಾರೋಗ್ಯ ಕೋರುವುದು ರೂಢಿ. ನಾವೂ ಕೋರುತ್ತೇವೆ. ಶ್ರೀಮತಿ ಗೌಸಿಯಾ ಬೇಗಂ ಅವರಿಗೆ ದೀರ್ಘಾಯುಷ್ಯವಿರಲಿ, ಕೈಗೆ ಕಸುವಿರಲಿ, ಈ ಐದೂ ಊರುಗಳ ಮಾಳಿಗೆಗಳ ಮೇಲೆ ಸಂಜೆ ಏಳಕ್ಕೆ ಸಿಗ್ನಲ್ ಇರಲಿ. ತಿಳಿಯಲಿಲ್ಲವೆಂದು ನಾಚದೆ ಹೇಳುವ ಒಂದು ಮುಖ ಅವರ ಎದುರಿಗೆ ದಿನಾ ಇರಲಿ.